ಹೋಲ್ಡಾನ್

ಎರಡು ಸಲ ತಗುಲಿತ್ತು ನಮ್ಮ ದೋಣಿಯ ಕಾಲು.
ಮೊದಲ ಸಲ ಒಂದು ಮರಕ್ಕೆ, ಹಲಸೋ ನಂದಿಯೋ,
ಹಿನ್ನೀರಿನೊಳಗೆ ಇಷ್ಟು ವರ್ಷ
ಯಾರೂ ಕೂರು ಅನ್ನದೆ ನಿಂತೇ ಇದ್ದದ್ದು.
ಎರಡನೆಯ ಸಲ
ಯಾರದೋ ಮನೆಯ ಉಣುಗೋಲಿನ ಕಲ್ಲಿಗೆ.

ಹಾರಂಗಿಯ ಮೇಲೆ ಪರೀಕ್ಷೆಯ ಓಟ.
ನಲವತ್ತು ಸೀಟು, ಡೀಸೆಲ್ಲಿಲ್ಲ, ಹೊಗೆಯಿಲ್ಲ.
ಇದೇ ನೀರು ತೂಬಿನಲ್ಲಿ ಬಿದ್ದು ಹೆತ್ತ ಕರೆಂಟನ್ನು
ರಾತ್ರಿಯೆಲ್ಲ ಕಟ್ಟೆಗೆ ಆತು ಕುಡಿಯುತ್ತದೆ,
ಬೆಳಿಗ್ಗೆ ಇದೇ ನೀರ ಮೇಲೆ ಏಳುತ್ತದೆ.

ಏಳುತ್ತದೆ ಅಂದರೆ ನಿಜಕ್ಕೂ ಏಳುತ್ತದೆ.
ವೇಗ ಇಪ್ಪತ್ತೈದು ದಾಟಿದರೆ
ಒಡಲು ನೀರು ಬಿಟ್ಟು ಮೇಲೆ,
ಕೆಳಗೆ ರೆಕ್ಕೆ ಕಟ್ಟಿದ ಮೂರು ಕಾಲು ಮಾತ್ರ.
ದಡದವರು ಕೊಕ್ಕರೆ ಓಡಿತು ಅನ್ನುತ್ತಾರೆ.
ಚುಕ್ಕಾಣಿ ಹಿಡಿದ ನನಗೆ ಹಾಗಲ್ಲ:
ತಲೆಹೊರೆಯನ್ನು ಹಿಂದಿನಿಂದ ಯಾರೋ
ಹೇಳದೆ ಎತ್ತಿಕೊಂಡ ಹಾಗೆ.
ಬಟ್ಟೆ ಒಗೆಯುವವರ ಕಲ್ಲಿಗೆ ಅಲೆ ಬಡಿಯುವುದಿಲ್ಲ,
ಬಲೆ ಅಲುಗುವುದಿಲ್ಲ,
ನಾವು ಹೋದದ್ದು ನೀರಿಗೇ ಗೊತ್ತಿಲ್ಲ.

ಆದರೆ ಆ ಕಾಲಿಗೆ ಆಳ ಬೇಕು.
ಕಂಪನಿಯವರು ಸೋನಾರ್ ಇಳಿಬಿಟ್ಟರು.
ಪರದೆಯಲ್ಲಿ ಮೀನೂ ಚುಕ್ಕಿ, ಮರವೂ ಚುಕ್ಕಿ,
ಮನೆಯೂ ಚುಕ್ಕಿ.

ಕೊನೆಗೆ ಸುಂಟಿಕೊಪ್ಪದ ಸಂತೆಯಲ್ಲಿ
ಛತ್ರಿ ರಿಪೇರಿಯ ಕುಂಞಿಮೊಯ್ದು ಕಾಕ ಅಂದರು,
ಬಾಯಲ್ಲಿ ದಾರ ಕಚ್ಚಿಕೊಂಡೇ:
"ಬಸ್ಸು ಹೋದಲ್ಲಿ ಮರ ಹೇಗಿರ್ತದೆ ಮೋಳೇ?"

ಅಣೆಕಟ್ಟು ಏಳುವ ಮುಂಚೆ
ಮುಳುಗಿದ ಅತ್ತಿಗೇರಿಯ ದಾರಿಗೆ ಇದ್ದದ್ದು ಒಂದೇ ಬಸ್ಸು,
ಅದರ ಕಂಡಕ್ಟರು ಅವರು.

ದೋಣಿಯ ಮೂತಿಯಲ್ಲಿ ನಿಂತರು, ಕೂರಲಿಲ್ಲ.
ಕಣ್ಣು ಮುಚ್ಚಿದರು.
ಬಲಗೈ ಮೇಲೆತ್ತಿ ಇಲ್ಲದ ಕಂಬಿ ಹಿಡಿದರು.
"ರೈಟ್."

ಸೀದಾ, ಸೀದಾ.
ಇಲ್ಲಿ ಗದ್ದೆಯ ಬದು, ಎಡಕ್ಕೆ ಒತ್ತು.
ಇಲ್ಲಿ ಮೋರಿ, ಬಸ್ಸು ಕುಂಟುತ್ತಿತ್ತು, ಮೆಲ್ಲ.
ಇದು ಇಳಿಜಾರು, ಗೇರು ಇಳಿಸು.
ಗೇರಿಲ್ಲ ಕಾಕ, ಎಂದೆ.
ಇಳಿಸು ಅಂದರೆ ಇಳಿಸು.
ನಾನು ವೇಗ ಇಳಿಸಿದೆ. ಅವರ ದೇಹ
ಇಲ್ಲದ ತಿರುವಿಗೆ ಸರಿಯಾಗಿ ವಾಲಿತು.
ಪಕ್ಕದಲ್ಲಿ ಕಂಪನಿಯ ಹುಡುಗ
ಅವರ ಒಂದೊಂದು ಮಾತಿಗೂ
ನಕ್ಷೆಯಲ್ಲಿ ಒಂದೊಂದು ಗುರುತು ಒತ್ತುತ್ತಿದ್ದ.

"ಹೋಲ್ಡಾನ್!"

ನಿಲ್ಲಿಸಿದೆ. ದೋಣಿ ಇಳಿಯಿತು,
ಹೊಟ್ಟೆ ನೀರಿಗೆ ತಾಗಿ ಚಪ್ ಅಂದಿತು.
ಸುತ್ತ ದಡವಿಲ್ಲ, ಅಟ್ಟಣಿಗೆಯಿಲ್ಲ,
ಕೆಳಗೆ ಅರವತ್ತು ಅಡಿ ನೀರು.

"ಬೊಳಕವ್ವ ಹತ್ತುವ ಜಾಗ.
ಎರಡು ಬುಟ್ಟಿ ಕಿತ್ತಳೆ, ಲಗೇಜು ಒಂದಕ್ಕೇ ಕೊಡುವವಳು.
ದಿನಾ ಜಗಳ.
ಕಡೆಯ ಟ್ರಿಪ್ಪಿನ ದಿನ ಕೇಳದೆಯೇ
ಎರಡಕ್ಕೂ ಕೊಟ್ಟಳು.
ಚಿಲ್ಲರೆ ಇರಲಿಲ್ಲ ನನ್ನ ಹತ್ತಿರ.
ನಾಳೆ ಕೊಡ್ತೇನೆ ಅಂದೆ."

ಹುಡುಗ ಕೇಳಿದ: ಇಲ್ಲಿ ಸ್ಟಾಪ್ ಅಂತ ಹಾಕಲಾ?
ಕಾಕ ಕಣ್ಣು ತೆರೆದು
ನೀರನ್ನು ಆಗಷ್ಟೇ ನೋಡಿದವರ ಹಾಗೆ ನೋಡಿದರು.
"ಬೇಡ. ಹತ್ತುವವರು ಯಾರಿದ್ದಾರೆ?"

ಈಗ ದಿನಕ್ಕೆ ಎಂಟು ಟ್ರಿಪ್ಪು.
ಹಳೆಯ ಬಸ್ಸಿನ ದಾರಿಯ ಮೇಲೇ ಹಳದಿ ಬುರುಡೆಗಳು ತೇಲುತ್ತವೆ.
ಆಸ್ಪತ್ರೆಯ ನರ್ಸುಗಳು, ತೋಟದ ಆಳುಗಳು,
ಲೆಕ್ಕದ ಪುಸ್ತಕ ತೊಡೆಯ ಮೇಲಿಟ್ಟು ನಿದ್ದೆ ಹೋಗುವ ಕಾಲೇಜು ಹುಡುಗಿ.
ಬೇಸಿಗೆಯ ಕೊನೆಗೆ ನೀರಿಳಿದು
ಅತ್ತಿಗೇರಿಯ ಟಾರು ಬೆನ್ನು ತೋರಿಸಿದರೆ
ನಮಗೆ ಎರಡು ವಾರ ರಜೆ.
ರಸ್ತೆಯೇ ಬಂದ ಮೇಲೆ ದೋಣಿ ಯಾಕೆ!

ಉಳಿದ ದಿನ ಆ ಜಾಗ ಬಂದಾಗ
ನನ್ನ ಕೈ ತಾನಾಗಿ ಹಿಂದೆ ಬರುತ್ತದೆ.
ದೋಣಿ ಇಳಿದು ಚಪ್ ಅನ್ನುತ್ತದೆ.
ಬ್ಯಾಟರಿ ಮುಗೀತಾ, ಎಂದು ಯಾರಾದರೂ ಕೇಳೇ ಕೇಳುತ್ತಾರೆ.
ಇಲ್ಲ, ಮುಂದೆ ಮೋರಿಯಿದೆ, ಅನ್ನುತ್ತೇನೆ.